ಗಂಟೆ ಹೊಡೆಯುವ ಕಂಪ್ಯೂಟರ್

ಪ್ರೀತಿಯ ಪುಟ್ಟಿ,

ನಾನು, ಅಪ್ಪ ಇಬ್ಬರೂ ಚೆನ್ನಾಗಿದ್ದೇವೆ. ಮೊನ್ನೆ ಫೋನಿನಲ್ಲಿ ಮಾತಾಡುವಾಗ ಹಿಂದೆ ಜಾಗಟೆ ಸದ್ದು ಕೇಳಿ, "ಈ ಹೊತ್ತಲ್ಲಿ ಯಾರಮ್ಮ ಪೂಜೆ ಮಾಡ್ತಿರೋದು?" ಅಂದೆಯಲ್ಲ, ಅದು ಪೂಜೆ ಅಲ್ಲ. ನಮ್ಮ ಕಂಪ್ಯೂಟರ್ ಹನ್ನೊಂದು ಗಂಟೆ ಹೊಡೆದದ್ದು. ಹಾಗೆ ಹೇಳಿದ್ದಕ್ಕೆ ನೀನು "ನನಗೂ ಹಾಗೆ ಮಾಡಿಕೊಡು" ಅಂದೆ. ಫೋನಿನಲ್ಲಿ ಹೇಳಿದರೆ ಅರ್ಧ ತಲೆಗೆ ಹೋಗುತ್ತದೆ, ಅರ್ಧ ಗಾಳಿಗೆ. ಅದಕ್ಕೇ ಬರೆಯುತ್ತಿದ್ದೇನೆ.

ಸ್ಕ್ರೀನಿನ ಮೂಲೆಯಲ್ಲಿ ಟೈಮ್ ಇದ್ದೇ ಇರುತ್ತದೆ. ಆದರೆ ಲೆಕ್ಕಪತ್ರ ಹಿಡಿದು ಕೂತರೆ ಅದು ಕಣ್ಣಿಗೇ ಬೀಳುವುದಿಲ್ಲ. ಫೋನ್ ಎತ್ತಿಕೊಂಡರಂತೂ ಮುಗಿಯಿತು, ಟೈಮ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ನೋಡಿ ಕೆಳಗಿಡುತ್ತೇವೆ. ಕಿವಿಗೆ ಬೀಳುವ ಗಂಟೆಯಲ್ಲಿ ಆ ಕಾಟ ಇಲ್ಲ. ಕೈ ಕೆಲಸ ಬಿಡದೆ ಹೊತ್ತು ಗೊತ್ತಾಗುತ್ತದೆ.

ಮೊದಲು ಸದ್ದಿನ ವಿಷಯ. ನೀನು ಲಂಡನ್ನಿನ ಬಿಗ್ ಬೆನ್ ರಾಗ ಬೇಕು ಅಂದೆ. ಅದು ಮೂಲತಃ ಲಂಡನ್ನಿನದಲ್ಲ, ಕೇಂಬ್ರಿಡ್ಜಿನ ಗ್ರೇಟ್ ಸೇಂಟ್ ಮೇರೀಸ್ ಚರ್ಚಿಗೆ 1793ರಲ್ಲಿ ಮಾಡಿದ್ದು. ವೆಸ್ಟ್‌ಮಿನ್‌ಸ್ಟರ್ ಗಡಿಯಾರಕ್ಕೆ, ಅಂದರೆ ಬಿಗ್ ಬೆನ್‌ಗೆ, ಬಂದದ್ದು 1859ರಲ್ಲಿ. ಇರುವುದು ನಾಲ್ಕೇ ಸ್ವರ, ಅವನ್ನೇ ಹಿಂದೆ ಮುಂದೆ ಮಾಡಿ ಬಾರಿಸುತ್ತಾರೆ. ಕಾಲು ಗಂಟೆಗೆ ನಾಲ್ಕು ಏಟು, ಅರ್ಧಕ್ಕೆ ಎಂಟು, ಮುಕ್ಕಾಲಿಗೆ ಹನ್ನೆರಡು, ಪೂರ್ತಿ ಗಂಟೆಗೆ ಹದಿನಾರು. ಆ ಹದಿನಾರು ಮುಗಿದ ಮೇಲೆ ಗಂಟೆಯ ಏಟುಗಳು ಶುರು. ಗೋಪುರದ ಮೇಲೆ ಇದ್ದರೆ ಚೆಂದ. ನಿನ್ನ ಒಂದು ರೂಮಿನಲ್ಲಿ, ಪಕ್ಕದಲ್ಲಿ ಇನ್ನೊಬ್ಬಳು ಮಲಗಿರುವಾಗ? ನನಗಂತೂ ಜಾಸ್ತಿ ಅನಿಸುತ್ತದೆ.

ನಾನು ಅಜ್ಜಿಯ ಜಾಗಟೆಯನ್ನೇ ರೆಕಾರ್ಡ್ ಮಾಡಿದೆ. ಅಪ್ಪ ದಾರ ಹಿಡಿದು ನಿಂತರು, ನಾನು ಮರದ ಕೋಲಿನಿಂದ ಹೊಡೆದೆ. ಫೋನ್ ತೀರಾ ಹತ್ತಿರ ಇಟ್ಟರೆ ಸದ್ದು ಒಡೆದು ಪರಪರ ಅನ್ನುತ್ತದೆ, ಅದಕ್ಕೇ ರೂಮಿನ ಆ ಮೂಲೆಯಲ್ಲಿ ಇಟ್ಟಿದ್ದು. ಆಮೇಲೆ ಸದ್ದು ತಿದ್ದುವ ಅಡಾಸಿಟಿ ಪ್ರೋಗ್ರಾಂನಲ್ಲಿ ಏಟಿಗೆ ಮುಂಚಿನ ಮೌನವನ್ನು ಕತ್ತರಿಸಿದೆ. ಬಾಲದಲ್ಲಿ "ಙ್‌ಙ್‌ಙ್" ಅಂತ ಎಳೆಯುತ್ತದಲ್ಲ, ಅದನ್ನು ಎರಡು ಸೆಕೆಂಡಿಗೆ ಮೆಲ್ಲಗೆ ಇಳಿಸಿದೆ. ಈ ಎರಡು ಸೆಕೆಂಡ್ ಮುಖ್ಯ. ಫೈಲು ಐದು ಸೆಕೆಂಡ್ ಇದ್ದರೆ ಮಧ್ಯಾಹ್ನ ಹನ್ನೆರಡು ಹೊಡೆದು ಮುಗಿಯಲು ಒಂದು ನಿಮಿಷ ಬೇಕು. ಎಣಿಸುತ್ತಾ ಕೂತವರಿಗೆ ನಿದ್ದೆ ಬಂದೀತು.

ನಮ್ಮ ಕಂಪ್ಯೂಟರಿನಲ್ಲಿ ಓಡುವುದು ವಿಂಡೋಸ್ ಅಲ್ಲ, ಲಿನಕ್ಸ್ ಮಿಂಟ್ ಅಲ್ವಾ, ಇಲ್ಲಿ ಹೊತ್ತು ನೋಡಿ ಕೆಲಸ ಮಾಡಿಸುವುದು ಕ್ರಾನ್ ಅನ್ನುವ ಪ್ರೋಗ್ರಾಂ. ಲಿನಕ್ಸಿಗೂ ಹಿಂದಿನ ಯುನಿಕ್ಸ್ ಕಾಲದಿಂದ ಇರುವ ಹಳೇ ಆಳು. ಅದಕ್ಕೆ ಒಂದೇ ಸಾಲು ಬರೆದಿದ್ದೇನೆ: "0 7-21 * * *". ಸೊನ್ನೆ ಅಂದರೆ ಸೊನ್ನೆ ನಿಮಿಷಕ್ಕೆ, ಮುಂದಿನದು ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ. ಮೂರು ನಕ್ಷತ್ರ ಅಂದರೆ ಯಾವ ತಾರೀಖು, ಯಾವ ತಿಂಗಳು, ಯಾವ ವಾರ ಆದರೂ ಸರಿ. ಸಾಲಿನ ಕೊನೆಗೆ ಸ್ಕ್ರಿಪ್ಟಿನ, ಅಂದರೆ ಕಂಪ್ಯೂಟರ್ ಮಾಡಬೇಕಾದ್ದನ್ನು ಸಾಲಾಗಿ ಬರೆದಿಟ್ಟ ಫೈಲಿನ, ಹೆಸರು. ಸ್ಕ್ರಿಪ್ಟ್ ಮಾಡುವುದಿಷ್ಟೇ: ಈಗ ಎಷ್ಟು ಗಂಟೆ ಅಂತ ಕೇಳಿ, ಅಷ್ಟು ಸಲ ಜಾಗಟೆ ಫೈಲು ಹಾಕುವುದು. ಇಡೀ ದಿನ ಹೊಡೆಯುವ ಗಡಿಯಾರ 156 ಏಟು ಹೊಡೆಯುತ್ತದೆ, ನಮ್ಮದು 102ಕ್ಕೆ ನಿಲ್ಲುತ್ತದೆ.

ಇಲ್ಲೊಂದು ತಮಾಷೆ ಕೇಳು. ಏಳು ಸರಿಯಾಗಿ ಹೊಡೆಯಿತು. ಎಂಟಕ್ಕೆ ಉಸಿರೇ ಇಲ್ಲ, ಒಂಬತ್ತಕ್ಕೂ ಇಲ್ಲ, ಹತ್ತಕ್ಕೆ ಮತ್ತೆ ಠಣ್ ಠಣ್! ಅಪ್ಪ ಸ್ಪೀಕರ್ ವೈರ್ ಅಲ್ಲಾಡಿಸಿ ನೋಡಿದರು, "ಲೂಸ್ ಕನೆಕ್ಷನ್ನೇ ಇದು" ಅಂತ ತೀರ್ಪು ಕೊಟ್ಟರು. ವಿಷಯ ಬೇರೆ. ಕಂಪ್ಯೂಟರ್ ಎಂಟು ಗಂಟೆಯನ್ನು 08 ಅಂತ ಕೊಡುತ್ತದೆ. ಲೆಕ್ಕ ಮಾಡುವಾಗ ಮುಂದೆ ಸೊನ್ನೆ ಕಂಡರೆ, ಸ್ಕ್ರಿಪ್ಟ್ ಓದಿ ನಡೆಸುವ ಬ್ಯಾಶ್ ಅದನ್ನು ಎಂಟರ ಎಣಿಕೆ ಅಂದುಕೊಳ್ಳುತ್ತದೆ. ಆ ಎಣಿಕೆಯಲ್ಲಿ 0ಯಿಂದ 7ರವರೆಗೆ ಮಾತ್ರ ಅಂಕಿಗಳು, 8 ಮತ್ತು 9 ಅನ್ನುವ ಅಂಕಿಗಳೇ ಇಲ್ಲ. ಹಾಗಾಗಿ ಏಳರ ತನಕ ಸರಿ, ಆ ಎರಡು ಗಂಟೆಗೆ ಮಾತ್ರ ಮುನಿಸು. ಸ್ಕ್ರಿಪ್ಟಿನಲ್ಲಿ ಗಂಟೆ ಎಷ್ಟು ಅಂತ ಕೇಳುವ ಕಡೆ ಇರುವ ಶೇಕಡಾ ಚಿಹ್ನೆಯ (%) ಪಕ್ಕ ಒಂದು ಅಡ್ಡಗೆರೆ (-) ಹಾಕಿದರೆ ಮುಂದಿನ ಸೊನ್ನೆ ಬಿಟ್ಟುಹೋಗುತ್ತದೆ, ಅಷ್ಟೇ ಮದ್ದು. ಅಪ್ಪ ಈಗಲೂ ವೈರ್ ಬದಲಾಯಿಸಬೇಕು ಅನ್ನುತ್ತಿದ್ದಾರೆ.

ಇನ್ನು ನಿನ್ನದು. ಆಫೀಸಿನ ಲ್ಯಾಪ್‌ಟಾಪ್ ಮುಟ್ಟಬೇಡ, ಸುಮ್ನೆ ಐಟಿಯವರ ಹತ್ತಿರ ಮಾತು ಕೇಳಬೇಕಾಗುತ್ತದೆ. ನಿನ್ನ ಸ್ವಂತದ್ದರಲ್ಲಿ ವಿಂಡೋಸ್ ಇದೆ. ಅಲ್ಲಿ ಕ್ರಾನ್ ಬದಲು ಟಾಸ್ಕ್ ಶೆಡ್ಯೂಲರ್. ಹೊಸ ಟಾಸ್ಕ್ ಮಾಡಿ, ಟ್ರಿಗರ್‌ನಲ್ಲಿ ದಿನಾ ಬೆಳಿಗ್ಗೆ 7ಕ್ಕೆ ಶುರು ಅಂತ ಕೊಟ್ಟು, ಗಂಟೆಗೊಮ್ಮೆ ರಿಪೀಟ್ ಹಾಕು. ಯಾವ ಹೊತ್ತಿನ ತನಕ ಹೊಡೆಯಬೇಕು ಅನ್ನುವುದನ್ನು ಸ್ಕ್ರಿಪ್ಟೇ ನೋಡಿಕೊಳ್ಳುತ್ತದೆ. ಸದ್ದಿನ ಫೈಲು ವೇವ್ (.wav) ಆಗಿರಲಿ, ವಿಂಡೋಸಿನಲ್ಲಿ ಸ್ಕ್ರಿಪ್ಟ್ ನಡೆಸುವ ಪವರ್‌ಶೆಲ್‌ನ ಸೌಂಡ್‌ಪ್ಲೇಯರ್‌ಗೆ ಎಂಪಿ3 ಆಗುವುದಿಲ್ಲ. ಸ್ಕ್ರಿಪ್ಟನ್ನು ನಾನೇ ಬರೆದು ಮೇಲ್ ಮಾಡುತ್ತೇನೆ. ಅದರಲ್ಲಿ ಪ್ಲೇ-ಸಿಂಕ್ ಅಂತ ಇರುವುದನ್ನು ಬರೀ ಪ್ಲೇ ಮಾಡಬೇಡ. ಮಾಡಿದರೆ ಸದ್ದು ಮುಗಿಯುವ ಮೊದಲೇ ಪ್ರೋಗ್ರಾಂ ಮುಚ್ಚಿಕೊಂಡು ಏಟು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಎರಡು ಕಡೆ ಟಿಕ್ ಗುರುತು ನೋಡಿಕೋ. ಕಂಡಿಷನ್ಸ್ ಅನ್ನುವ ಕಡೆ, ಚಾರ್ಜರ್ ಹಾಕಿದ್ದರೆ ಮಾತ್ರ ಓಡು ಅಂತ ಮೊದಲೇ ಟಿಕ್ ಆಗಿರುತ್ತದೆ. ಅದನ್ನು ತೆಗಿ, ಇಲ್ಲದಿದ್ದರೆ ಚಾರ್ಜರ್ ಕಿತ್ತ ಕೂಡಲೇ ಗಂಟೆ ನಿಲ್ಲುತ್ತದೆ. ಸೆಟ್ಟಿಂಗ್ಸ್‌ನಲ್ಲಿ, ತಪ್ಪಿಹೋದದ್ದನ್ನು ಆಮೇಲೆ ಓಡಿಸು ಅನ್ನುವುದಿದೆ. ಅದಕ್ಕೆ ಟಿಕ್ ಹಾಕಬೇಡ. ಹಾಕಿದರೆ ನೀನು ಹತ್ತೂಕಾಲಿಗೆ ಲ್ಯಾಪ್‌ಟಾಪ್ ತೆರೆದ ಕೂಡಲೇ ಹತ್ತು ಏಟು ಹೊಡೆದು ಹೊತ್ತು ತಪ್ಪಿಸುತ್ತದೆ. ಲಾಗಿನ್ ಆಗಿದ್ದಾಗ ಮಾತ್ರ ಓಡು ಅನ್ನುವುದು ಹಾಗೇ ಇರಲಿ, ಅದು ಬದಲಾದರೆ ಟಾಸ್ಕ್ ಓಡುತ್ತದೆ, ಸದ್ದು ಮಾತ್ರ ಬರುವುದಿಲ್ಲ. ನಿನ್ನ ರೂಮಿನವಳ ಹತ್ತಿರ ಮ್ಯಾಕ್ ಇದೆ ಅಂದಿದ್ದೆ. ಅವಳಿಗೆ ಈ ತಲೆನೋವೇ ಇಲ್ಲ, ಸೆಟ್ಟಿಂಗ್ಸಿನ ಗಡಿಯಾರದ ಭಾಗದಲ್ಲೇ ಗಂಟೆಗೊಮ್ಮೆ ಟೈಮ್ ಹೇಳು ಅಂತಿದೆ, ದನಿಯಲ್ಲಿ ಹೇಳುತ್ತದೆ.

ಮೀಟಿಂಗಿನಲ್ಲಿ ಇರುವಾಗ ಹೆಡ್‌ಫೋನ್ ಹಾಕಿಕೋ, ಇಲ್ಲದಿದ್ದರೆ ಮೈಕಿನಲ್ಲಿ ಜಾಗಟೆ ಕೇಳಿ ನಿಮ್ಮ ಮ್ಯಾನೇಜರ್ ಮಂಗಳಾರತಿ ತಟ್ಟೆ ಹುಡುಕಿಯಾರು.

ಇನ್ನೊಂದು ಮಾತು. ಕೊನೆಯ ಗಂಟೆ ಯಾವುದು ಅಂತ ನೀನು ಹೇಳಿಲ್ಲ. ಸ್ಕ್ರಿಪ್ಟಿನಲ್ಲಿ ನಾನು ರಾತ್ರಿ 9 ಅಂತಲೇ ಬರೆದಿರುತ್ತೇನೆ. ಹನ್ನೊಂದು, ಹನ್ನೆರಡರ ತನಕ ಕೂತು ಕೆಲಸ ಮಾಡುವವಳಿಗೆ ಗಂಟೆ ಹೊಡೆದು ಜೊತೆ ಕೊಡುವ ಇರಾದೆ ನನಗಿಲ್ಲ. ಒಂಬತ್ತು ಏಟು ಬಿದ್ದ ಮೇಲೆ ಊಟ ಮಾಡಿ ಫೋನ್ ಮಾಡು. ನಂಬರ್ ಬದಲಾಯಿಸಲು ನಿನಗೆ ಬರುತ್ತದೆ ಅಂತ ಗೊತ್ತು, ಆದರೂ ಬರೆದಿದ್ದೇನೆ.

ಮೇಲ್ ನಾಳೆ ಸಂಜೆಯೊಳಗೆ ಬರುತ್ತದೆ. ಜಾಗಟೆ ಬೇಡ ಅಂದರೆ ಹೇಳು, ದೇವರ ಮನೆಯ ಚಿಕ್ಕ ಗಂಟೆಯನ್ನೂ ರೆಕಾರ್ಡ್ ಮಾಡಿಟ್ಟಿದ್ದೇನೆ.

ನಿನ್ನ
ಅಮ್ಮ