ಕೊನೆಯ ಸುತ್ತಿನ ಕ್ವಾರ್ಟರ್‌ಬ್ಯಾಕ್ ಲಾಟರಿ ಚೀಟಿಯಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ತಂಡಗಳು ಸರದಿಯಂತೆ ಏಳು ಸುತ್ತುಗಳಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ 'ಡ್ರಾಫ್ಟ್' ಬಗ್ಗೆ ನಿಮ್ಮ ಕ್ರೀಡಾಪುಟದಲ್ಲಿ ಬಂದ ಬರಹ ಓದಿದೆ. ಟಾಮ್ ಬ್ರೇಡಿ, ಬ್ರಾಕ್ ಪರ್ಡಿಯಂಥ ಕ್ವಾರ್ಟರ್‌ಬ್ಯಾಕ್‌ಗಳು ಕೊನೆಯ ಸುತ್ತುಗಳಲ್ಲಿ ಸಿಕ್ಕಿದ್ದನ್ನು ಅಲ್ಲಿ 'ಲಾಟರಿ' ಎಂದು ಕರೆಯಲಾಗಿತ್ತು. ಆ ಮಾತನ್ನು ಒಪ್ಪಲು ಮನಸ್ಸು ಬಾರದೆ ಈ ಪತ್ರ ಬರೆಯುತ್ತಿದ್ದೇನೆ. ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದವಳು. ನಿವೃತ್ತಿಯಾದ ಮೇಲೆ ವರ್ಷದಲ್ಲಿ ಕೆಲವು ತಿಂಗಳು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ಮಗನ ಮನೆಯಲ್ಲಿರುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದ ಕ್ರೀಡಾಂಗಣ ಇರುವುದು ಇದೇ ಊರಿನಲ್ಲಿ. ಪಂದ್ಯವಿರುವ ಭಾನುವಾರ ನಮ್ಮ ಬೀದಿಯ ಕನ್ನಡದವರು, ತೆಲುಗಿನವರು, ಮೆಕ್ಸಿಕೊದವರು ಎಲ್ಲ ಒಂದೇ ಕೆಂಪು ಅಂಗಿ ತೊಟ್ಟಿರುತ್ತಾರೆ. ಹೀಗೆ ನೋಡುತ್ತ ಈ ಆಟ ನನಗೆ ಹತ್ತಿರವಾಯಿತು.

ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡನ್ನು ಮೊದಲು ಕೈಗೆ ತೆಗೆದುಕೊಂಡು, ಎರಡೂವರೆ ಮೂರು ಸೆಕೆಂಡಿನೊಳಗೆ ಯಾರಿಗೆ ಎಸೆಯಬೇಕೆಂದು ನಿರ್ಧರಿಸುವವನು. ಯಾವ ಪಟ್ಟು ಆಡಬೇಕೆಂದು ತರಬೇತುದಾರರು ಶಿರಸ್ತ್ರಾಣದೊಳಗಿನ ರೇಡಿಯೊದಲ್ಲಿ ಹೇಳುತ್ತಾರೆ. ಆದರೆ ಪ್ರತಿ ಪಟ್ಟು ಆರಂಭಿಸಲು ಕೊಡುವ ಸಮಯದಲ್ಲಿ 15 ಸೆಕೆಂಡು ಉಳಿದಾಗ ಆ ದನಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಎದುರಾಳಿಗಳು ಎಲ್ಲಿ ನಿಂತಿದ್ದಾರೆ, ಯಾರು ನುಗ್ಗಿ ಬರುತ್ತಾರೆ, ಓಡುತ್ತಿರುವ ತನ್ನವರಲ್ಲಿ ಯಾರಿಗೆ ಜಾಗ ತೆರೆಯುತ್ತದೆ ಎಂಬುದನ್ನೆಲ್ಲ ಓದಬೇಕಾದವನು ಅವನೊಬ್ಬನೇ.

ಈ ಕೆಲಸಕ್ಕೆ ಹುಡುಗರನ್ನು ಹೇಗೆ ಪರೀಕ್ಷಿಸುತ್ತಾರೆ ನೋಡಿ. ಡ್ರಾಫ್ಟ್‌ಗೆ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ಒಂದು ಶಿಬಿರ ನಡೆಯುತ್ತದೆ. ಎತ್ತರ, ತೂಕ, ಅಂಗೈ ಅಳತೆ, ನಿಂತಲ್ಲಿಂದ ಎಷ್ಟು ಎತ್ತರ ನೆಗೆಯುತ್ತಾನೆ, 40 ಗಜ ಓಡಲು ಎಷ್ಟು ಹೊತ್ತು, ಎಲ್ಲವನ್ನೂ ಬರೆದುಕೊಳ್ಳುತ್ತಾರೆ. 2000ದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಬ್ರೇಡಿ ಈ 40 ಗಜಕ್ಕೆ 5.28 ಸೆಕೆಂಡು ತೆಗೆದುಕೊಂಡ. ನಿಧಾನದ ಹುಡುಗ, ಸಣಕಲು ಮೈ ಎಂದು ಬರೆದಿಟ್ಟರು. ಆ ವರ್ಷ ಅವನಿಗಿಂತ ಮೊದಲು ಆರು ಕ್ವಾರ್ಟರ್‌ಬ್ಯಾಕ್‌ಗಳ ಹೆಸರು ಕರೆದರು: ಚಾಡ್ ಪೆನ್ನಿಂಗ್ಟನ್, ಜಿಯೊವಾನಿ ಕಾರ್ಮಾಜಿ, ಕ್ರಿಸ್ ರೆಡ್‌ಮನ್, ಟೀ ಮಾರ್ಟಿನ್, ಮಾರ್ಕ್ ಬಲ್ಜರ್, ಸ್ಪರ್ಗನ್ ವಿನ್. ಬ್ರೇಡಿಯದು ಆರನೇ ಸುತ್ತು, 199ನೇ ಹೆಸರು. ಅವನು ಹುಟ್ಟಿ ಬೆಳೆದದ್ದು ಇಲ್ಲೇ ಪಕ್ಕದ ಸ್ಯಾನ್ ಮಟೇಯೊದಲ್ಲಿ. ಅವನ ಊರಿನವರದೇ ಆದ ಫಾರ್ಟಿನೈನರ್ಸ್ 65ನೇ ಸರದಿಯಲ್ಲಿ ಕಾರ್ಮಾಜಿಯನ್ನು ಆರಿಸಿತು. ಕಾರ್ಮಾಜಿ ಲೀಗ್‌ನ ಒಂದೇ ಒಂದು ಅಧಿಕೃತ ಪಂದ್ಯವನ್ನೂ ಆಡಲಿಲ್ಲ. ಬ್ರೇಡಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಅನ್ನು ಏಳು ಸಲ ಗೆದ್ದ.

ಇದು ಲಾಟರಿಯೇ? ಬ್ರೇಡಿಯ ಗುಣ ಯಾವುದೋ ಪೆಟ್ಟಿಗೆಯಲ್ಲಿ ಮುಚ್ಚಿಟ್ಟದ್ದಲ್ಲ. 1999ರ ನವೆಂಬರ್‌ನಲ್ಲಿ ಪೆನ್ ಸ್ಟೇಟ್ ವಿರುದ್ಧ ಕೊನೆಯ ಕಾಲು ಭಾಗದಲ್ಲಿ 10 ಅಂಕ ಹಿಂದಿದ್ದ ಮಿಷಿಗನ್ ತಂಡವನ್ನು ಅವನು 31–27ಕ್ಕೆ ಗೆಲ್ಲಿಸಿದ. 2000ದ ಜನವರಿ ಮೊದಲ ದಿನ ಕಾಲೇಜು ತಂಡಗಳ ಆರೆಂಜ್ ಬೌಲ್ ಪಂದ್ಯದಲ್ಲಿ ಅಲಬಾಮಾ ಎದುರು ಎರಡು ಸಲ 14 ಅಂಕ ಹಿಂದೆ ಬಿದ್ದರೂ 369 ಗಜ ಎಸೆದು 35–34ರಲ್ಲಿ ಗೆದ್ದ. ಅದನ್ನು ಇಡೀ ಅಮೆರಿಕ ಟಿ.ವಿ.ಯಲ್ಲಿ ನೋಡಿತು. ಕಣ್ಣ ಮುಂದಿದ್ದ ಆ ಪಂದ್ಯಗಳಿಗಿಂತ ಸ್ಟಾಪ್‌ವಾಚ್‌ನ ಮಾತಿಗೆ ಹೆಚ್ಚು ಬೆಲೆ ಸಿಕ್ಕಿತು, ಅಷ್ಟೆ. ಸ್ಟಾಪ್‌ವಾಚ್‌ಗೆ ಬೆಲೆ ಕೊಡದಿದ್ದವರಲ್ಲಿ, ಬ್ರೇಡಿಯನ್ನು ಆರಿಸಿದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ತರಬೇತುದಾರ ಡಿಕ್ ರೇಬೈನ್ ಒಬ್ಬರು. ಮಿಷಿಗನ್‌ಗೆ ಹೋಗಿ ಹುಡುಗನನ್ನು ನೋಡಿ ಬಂದು, ಇವನೇ ಬೇಕು ಎಂದವರು ಅವರು. 2001ರ ಆಗಸ್ಟ್‌ನಲ್ಲಿ ರೇಬೈನ್ ತೀರಿಕೊಂಡರು. ಮರುತಿಂಗಳು ತಂಡದ ಮೊದಲ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್‌ಸೊ ಗಾಯಗೊಂಡು ಬ್ರೇಡಿ ಕಣಕ್ಕಿಳಿದ. ತಾನು ಕಂಡುಹಿಡಿದ ಹುಡುಗ ತಂಡ ನಡೆಸುವುದನ್ನು ನೋಡುವ ಭಾಗ್ಯ ಆ ಗುರುವಿಗೆ ಇರಲಿಲ್ಲ. ಬ್ರೇಡಿ ಕಥೆ ಬರೆಯುವವರು ರೇಬೈನ್ ಹೆಸರನ್ನೂ ಬರೆಯಬೇಕೆಂಬುದು ನನ್ನ ಆಸೆ.

ಇನ್ನೊಂದು ವಿಷಯವನ್ನು ಜನ ಮರೆಯುತ್ತಾರೆ. 2000ದಲ್ಲಿ ಪೇಟ್ರಿಯಟ್ಸ್ ತಂಡದಲ್ಲಿ ಆಗಲೇ ಬ್ಲೆಡ್‌ಸೊ, ಜಾನ್ ಫ್ರೀಸ್, ಮೈಕೆಲ್ ಬಿಷಪ್ ಎಂಬ ಮೂವರು ಕ್ವಾರ್ಟರ್‌ಬ್ಯಾಕ್‌ಗಳಿದ್ದರು. ಸಾಮಾನ್ಯವಾಗಿ ಇಬ್ಬರು, ಹೆಚ್ಚೆಂದರೆ ಮೂವರನ್ನು ಇಟ್ಟುಕೊಳ್ಳುವ ಕಡೆ ಮುಖ್ಯ ತರಬೇತುದಾರ ಬಿಲ್ ಬೆಲಿಚಿಕ್ ನಾಲ್ಕನೆಯವನಿಗೂ ಜಾಗ ಕೊಟ್ಟರು. ಇಡೀ ವರ್ಷದಲ್ಲಿ ಬ್ರೇಡಿ ಎಸೆದದ್ದು ಮೂರೇ ಚೆಂಡು, ತಲುಪಿದ್ದು ಒಂದು. ಆ ಒಂದು ವರ್ಷ ಅವನನ್ನು ಕೈಬಿಟ್ಟಿದ್ದರೆ ರೇಬೈನ್ ಕಂಡದ್ದಕ್ಕೆ ಏನು ಫಲವಿತ್ತು? ಅದೇ ಡ್ರಾಫ್ಟ್‌ನ ಬಲ್ಜರ್‌ನನ್ನು ಆರಿಸಿದ ನ್ಯೂ ಆರ್ಲಿಯನ್ಸ್ ತಂಡ ಕೈಬಿಟ್ಟಿತು. ಸೇಂಟ್ ಲೂಯಿಸ್ ತಂಡ ಕರೆದುಕೊಂಡಿತು, ಅಲ್ಲಿ ಅವನು ಎರಡು ಸಲ ಲೀಗ್‌ನ ಶ್ರೇಷ್ಠ ಆಟಗಾರರ ಪ್ರೊ ಬೌಲ್‌ಗೆ ಆಯ್ಕೆಯಾದ. ಹುಡುಕುವುದು ಅರ್ಧ ಕೆಲಸ, ಉಳಿಸಿಕೊಳ್ಳುವುದು ಇನ್ನರ್ಧ.

ನನ್ನ ಕೆಲಸದಲ್ಲೂ ಇದನ್ನು ಕಂಡಿದ್ದೇನೆ. ತಾಲ್ಲೂಕು ಮಟ್ಟದ ವಾಲಿಬಾಲ್ ಆಯ್ಕೆಯಲ್ಲಿ ಮೊದಲು ಹೆಣ್ಣುಮಕ್ಕಳನ್ನು ಎತ್ತರದ ಸಾಲಿನಲ್ಲಿ ನಿಲ್ಲಿಸುತ್ತಾರೆ. ಸ್ಮ್ಯಾಷ್ ಹೊಡೆಯುವವಳಿಗೆ ಅದು ಸರಿ. ಆದರೆ ಚೆಂಡು ಎತ್ತಿಕೊಡುವ ಸೆಟ್ಟರ್‌ಗೆ ಬೇಕಾದದ್ದು ಎದುರು ಅಂಕಣದಲ್ಲಿ ಎಲ್ಲಿ ತೆರಪಿದೆ ಎಂದು ಕಾಣುವ ಕಣ್ಣು. ಅದು ಅಳತೆ ಪಟ್ಟಿಗೆ ಸಿಕ್ಕುವುದಿಲ್ಲ, ನಾಲ್ಕು ಪಂದ್ಯ ಆಡಿಸಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಕ್ವಾರ್ಟರ್‌ಬ್ಯಾಕ್ ಆಯ್ಕೆ ನನಗೆ ಅರ್ಥವಾಗುವುದೇ ಆ ದಾರಿಯಲ್ಲಿ.

ಈಗ ಪರ್ಡಿ. ಫಾರ್ಟಿನೈನರ್ಸ್ 2021ರಲ್ಲಿ ಟ್ರೇ ಲ್ಯಾನ್ಸ್ ಎಂಬ ಹುಡುಗನಿಗಾಗಿ ಮೂರು ವರ್ಷಗಳ ಮೊದಲ ಸುತ್ತಿನ ಆಯ್ಕೆಗಳನ್ನು ಬೇರೆ ತಂಡಕ್ಕೆ ಕೊಟ್ಟು ಮೂರನೇ ಸರದಿ ಪಡೆಯಿತು. ಲ್ಯಾನ್ಸ್‌ಗೆ ಬಲವಾದ ತೋಳಿತ್ತು, ವೇಗವಿತ್ತು. ಆದರೆ ಕಾಲೇಜಿನಲ್ಲಿ ಅವನು ಆರಂಭದಿಂದ ಆಡಿದ್ದು 17 ಪಂದ್ಯ ಮಾತ್ರ, ಕೋವಿಡ್ ವರ್ಷದಲ್ಲಂತೂ ಒಂದೇ. ಮರುವರ್ಷ ಅದೇ ತಂಡ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಆಯ್ಕೆಯಲ್ಲಿ ಅಯೋವಾ ಸ್ಟೇಟ್‌ನ ಪರ್ಡಿಯನ್ನು ತಂದಿತು. ಪರ್ಡಿ ಎತ್ತರದವನಲ್ಲ, ತೋಳೂ ಅಂಥ ಬಲವಾದದ್ದಲ್ಲ. ಆದರೆ ಮೊದಲ ವರ್ಷದಿಂದಲೇ ತಂಡದ ಹೊಣೆ ಹೊತ್ತು, ನಾಲ್ಕು ವರ್ಷಗಳಲ್ಲಿ 40ಕ್ಕೂ ಹೆಚ್ಚು ಪಂದ್ಯಗಳನ್ನು ಆರಂಭದಿಂದ ಆಡಿದ್ದ. ದೊಡ್ಡ ತಂಡವೆಂದು ಹೆಸರಿಲ್ಲದ ಅಯೋವಾ ಸ್ಟೇಟ್ 2021ರ ಜನವರಿಯಲ್ಲಿ ಫಿಯೆಸ್ಟಾ ಬೌಲ್ ಗೆದ್ದಾಗ ಅದನ್ನು ನಡೆಸಿದವನು ಅವನೇ. ಅವನು ಬಂದಾಗ ಫಾರ್ಟಿನೈನರ್ಸ್‌ನ ಕ್ವಾರ್ಟರ್‌ಬ್ಯಾಕ್ ತರಬೇತುದಾರರಾಗಿದ್ದ ಬ್ರಯನ್ ಗ್ರೀಸಿ, ಹಿಂದೆ ಮಿಷಿಗನ್‌ನಲ್ಲಿ ಬ್ರೇಡಿಯ ಹಿರಿಯ ಸಹ ಆಟಗಾರ. ಕಾಯುತ್ತ ಕುಳಿತ ಬ್ರೇಡಿಯನ್ನು ದಿನವೂ ಅಭ್ಯಾಸದಲ್ಲಿ ಕಂಡಿದ್ದ ಮನುಷ್ಯ.

2022ರಲ್ಲಿ ಲ್ಯಾನ್ಸ್ ಕಣಕಾಲು ಮುರಿಯಿತು, ಡಿಸೆಂಬರ್ 4ರಂದು ಅವನ ಜಾಗದಲ್ಲಿ ಆಡುತ್ತಿದ್ದ ಜಿಮ್ಮಿ ಗರಾಪೊಲೊ ಪಾದಕ್ಕೆ ಪೆಟ್ಟಾಯಿತು. ಮೂರನೆಯವನಾಗಿ ಬಂದ ಪರ್ಡಿ ಮಯಾಮಿ ವಿರುದ್ಧ ಗೆದ್ದ, ಆಮೇಲೆ ಲೀಗ್ ಹಂತದ ಉಳಿದ ಐದು ಪಂದ್ಯಗಳನ್ನೂ ಗೆದ್ದ. 2023ರಲ್ಲಿ 4,280 ಗಜ ಎಸೆದು ತಂಡದ ದಾಖಲೆ ಮುರಿದ, ತಂಡವನ್ನು ಸೂಪರ್ ಬೌಲ್‌ಗೆ ಒಯ್ದ. ಆ ವರ್ಷ ಅವನ ಮೂಲ ವೇತನ 8.7 ಲಕ್ಷ ಡಾಲರ್. ಒಂದು ತಂಡದ ಒಟ್ಟು ವೇತನದ ಮಿತಿ ಆಗ 22 ಕೋಟಿ ಡಾಲರ್ ದಾಟಿತ್ತು ಎಂದರೆ, ಉಳಿದ ಹಣದಲ್ಲಿ ಎಂಥೆಂಥ ಆಟಗಾರರನ್ನು ಸುತ್ತ ನಿಲ್ಲಿಸಬಹುದಿತ್ತೆಂದು ಲೆಕ್ಕ ಹಾಕಿ. 2025ರಲ್ಲಿ ಅವನ ಒಪ್ಪಂದ ಐದು ವರ್ಷಕ್ಕೆ 26.5 ಕೋಟಿ ಡಾಲರ್ ಆಯಿತು.

ಕೊನೆಯ ಸುತ್ತಿನ ಹೆಚ್ಚಿನ ಹುಡುಗರು ಕಾಣದೆ ಹೋಗುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಹೋಗುತ್ತಾರೆ. ವಾರದ ಅಭ್ಯಾಸದಲ್ಲಿ ಬಹುಪಾಲು ಚೆಂಡು ಮೊದಲನೆಯವನ ಕೈಗೇ ಹೋಗುತ್ತದೆ, ಮೂರನೆಯವನು ಪಕ್ಕದಲ್ಲಿ ನಿಂತು ನೋಡುತ್ತಾನೆ. ಆಡದೆ ಬೆಳೆಯುವುದು ಹೇಗೆ? ಈ ವಿಷಯದಲ್ಲಿ ನನಗೆ ಅತ್ಯಂತ ಗೌರವ ಇರುವುದು ಗ್ರೀನ್ ಬೇ ಪ್ಯಾಕರ್ಸ್‌ನ ಪ್ರಧಾನ ವ್ಯವಸ್ಥಾಪಕರಾಗಿದ್ದ ರಾನ್ ವುಲ್ಫ್ ಅವರ ಮೇಲೆ. ತಂಡದ ಮೊದಲ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾವ್ ಒಂದು ಪಂದ್ಯವನ್ನೂ ತಪ್ಪಿಸದೆ ಆಡುತ್ತಿದ್ದ ಕಾಲದಲ್ಲೂ ಅವರು ಹೊಸ ಕ್ವಾರ್ಟರ್‌ಬ್ಯಾಕ್‌ಗಳನ್ನು ತರುತ್ತಲೇ ಇದ್ದರು. 1993ರ ಐದನೇ ಸುತ್ತಿನಲ್ಲಿ ಮಾರ್ಕ್ ಬ್ರುನೆಲ್, 1998ರ ಆರನೇ ಸುತ್ತಿನಲ್ಲಿ ಮ್ಯಾಟ್ ಹ್ಯಾಸೆಲ್‌ಬೆಕ್, 1999ರ ನಾಲ್ಕನೇ ಸುತ್ತಿನಲ್ಲಿ ಆರನ್ ಬ್ರೂಕ್ಸ್. ಮೂವರೂ ಆಮೇಲೆ ಬೇರೆ ತಂಡಗಳಿಗೆ ಹೋಗಿ ಅಲ್ಲಿನ ಮೊದಲ ಕ್ವಾರ್ಟರ್‌ಬ್ಯಾಕ್ ಆದರು. ಹ್ಯಾಸೆಲ್‌ಬೆಕ್ ಸಿಯಾಟಲ್ ತಂಡವನ್ನು ಅದರ ಮೊದಲ ಸೂಪರ್ ಬೌಲ್‌ಗೇ ಕರೆದೊಯ್ದ. ಹೀಗೆ ಮತ್ತೆ ಮತ್ತೆ ಆಗುವುದನ್ನು ಅದೃಷ್ಟ ಎನ್ನಲಾಗದು.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ಡ್ರಾಫ್ಟ್ ಪ್ರತಿವರ್ಷ ಏಪ್ರಿಲ್‌ನಲ್ಲಿ ಮೂರು ದಿನ ನಡೆಯುತ್ತದೆ. ಪತ್ರಿಕೆಗಳೆಲ್ಲ ಗುರುವಾರ ರಾತ್ರಿಯ ಮೊದಲ ಸುತ್ತನ್ನು ಬರೆದು ಮುಗಿಸುತ್ತವೆ. ನಾಲ್ಕರಿಂದ ಏಳನೇ ಸುತ್ತು ನಡೆಯುವುದು ಶನಿವಾರ. ಆ ದಿನ ಆಯ್ಕೆಯಾದ ಕ್ವಾರ್ಟರ್‌ಬ್ಯಾಕ್‌ಗಳ ಹೆಸರನ್ನು ಒಂದು ಸಣ್ಣ ಪಟ್ಟಿಯಲ್ಲಿ ಹಾಕಿ. 40 ಗಜದ ಓಟದ ಬದಲು ಕಾಲೇಜಿನಲ್ಲಿ ಎಷ್ಟು ವರ್ಷ ತಂಡ ನಡೆಸಿದ, ಹಿಂದೆ ಬಿದ್ದ ಎಷ್ಟು ಪಂದ್ಯಗಳನ್ನು ಗೆಲ್ಲಿಸಿದ ಎಂಬುದನ್ನು ಪಕ್ಕದಲ್ಲಿ ಕೊಡಿ. ಆರಿಸಿದ ತಂಡದಲ್ಲಿ ಅವನಿಗಿಂತ ಮುಂದೆ ಎಷ್ಟು ಜನ ಇದ್ದಾರೆಂಬುದನ್ನೂ ಸೇರಿಸಿದರೆ ನನ್ನಂಥ ಓದುಗರು ಆ ಪಟ್ಟಿಯನ್ನು ಕತ್ತರಿಸಿ ಇಟ್ಟುಕೊಳ್ಳುತ್ತೇವೆ.

ವಂದನೆಗಳೊಂದಿಗೆ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ
ಅರಸೀಕೆರೆ (ಸದ್ಯ ಸಾಂಟಾ ಕ್ಲಾರಾ, ಕ್ಯಾಲಿಫೋರ್ನಿಯಾ)