ಶುಕ್ರವಾರದ ಹಾಡಿಗೆ ಹತ್ತು ನಿಮಿಷ ಬಿಡಿ

ಮಾನ್ಯ ಸಂಪಾದಕರೇ,

ಮನೆಯಿಂದ ಕೆಲಸ ಮಾಡುವವರ ಒಂಟಿತನದ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಓದುತ್ತಿರುತ್ತೇನೆ. ನಾನೂ ಅವರಲ್ಲೊಬ್ಬ. 2020ರ ಲಾಕ್‌ಡೌನ್ ಹೊತ್ತಿಗೆ ಬೆಂಗಳೂರು ಬಿಟ್ಟು ಹುಬ್ಬಳ್ಳಿಗೆ ಬಂದೆ, ಇಲ್ಲಿಂದಲೇ ಕೆಲಸ. ಟೀಮಿನಲ್ಲಿ ಏಳು ಜನ, ಪುಣೆ, ಕೊಚ್ಚಿ, ಗುವಾಹಟಿ ಅಂತ ಒಬ್ಬೊಬ್ಬರು ಒಂದೊಂದು ಕಡೆ. ಎಷ್ಟೋ ತಿಂಗಳು ಕೆಲಸ ಬಿಟ್ಟು ಬೇರೆ ಒಂದು ಮಾತೂ ಆಡಿರಲಿಲ್ಲ.

ಈಗ ಶುಕ್ರವಾರ ಸಂಜೆ ಮೀಟಿಂಗ್ ಮುಗಿದ ಮೇಲೆ ಒಬ್ಬರು ಒಂದು ಹಾಡು ಕೇಳಿಸುತ್ತಾರೆ. ಮೊದಮೊದಲು ಗ್ರೂಪಿಗೆ ಸುಮ್ನೆ ಲಿಂಕ್ ಹಾಕುತ್ತಿದ್ದೆವು, ಯಾರೂ ಕೇಳುತ್ತಿರಲಿಲ್ಲ. ಈ ಹಾಡು ನನಗೆ ಯಾಕೆ ಬೇಕು ಅಂತ ಎರಡು ಮಾತು ಸೇರಿಸಲು ಶುರು ಮಾಡಿದ ಮೇಲೆ ಎಲ್ಲರೂ ಕಿವಿಗೊಟ್ಟರು. ಗುವಾಹಟಿಯವರು ಅಸ್ಸಾಮಿನ ಬಿಹು ಹಬ್ಬದ ಹಾಡು ಹಾಕಿ, ನಡುವೆ ಕೇಳುವ ಪೆಪಾ ಎಮ್ಮೆ ಕೊಂಬಿನಿಂದ ಮಾಡಿದ ವಾದ್ಯ, ನಮ್ಮಜ್ಜ ಊದುತ್ತಿದ್ದರು ಎಂದರು. ಅವರಿಗೆ ಅಜ್ಜ ಇದ್ದರು ಅನ್ನೋದೇ ನನಗೆ ಆವತ್ತು ಗೊತ್ತಾಯಿತು.

ನನ್ನ ಸರದಿ ಬಂದಾಗ ಹಿಂಜರಿದೆ. ಕೊನೆಗೆ ನಮ್ಮೂರಿನ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರನ್ನೇ ಹಾಕಿದೆ. ದನಿ ಏನೋ ಕೇಳಿತು, ತಂಬೂರಿ ಮಾತ್ರ ಮಾಯ! ಒಂದೇ ಸಮ ಮೊಳಗುವ ಅದರ ನಾದವನ್ನು ಫ್ಯಾನಿನ ಸದ್ದು ಅಂದುಕೊಂಡು ಕಾಲ್ ಆ್ಯಪ್ ಅಳಿಸಿ ಹಾಕುತ್ತಿತ್ತು. ಸೆಟ್ಟಿಂಗಿನಲ್ಲಿ ಹುಡುಕಿ ಸದ್ದು ಅಳಿಸುವುದನ್ನು ಆಫ್ ಮಾಡಿದ ಮೇಲೆ ತುಂಬಿಕೊಂಡು ಬಂತು. ಇದು ಗಂಡಸಿನ ದನಿಯಾ ಎಂದು ಕೊಚ್ಚಿಯವರು ಕೇಳಿದರು. ಗಂಟಲ ಆಪರೇಷನ್ ಆದ ಮೇಲೆ ದನಿ ಹಾಗೆ ದಪ್ಪಗಾಯಿತು, ಅದೇ ದನಿಯಲ್ಲಿ ಬದುಕಿಡೀ ಹಾಡಿದರು ಅಂದೆ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹೋಗುತ್ತಿದ್ದ ಕಥೆಯನ್ನೂ ಹೇಳಿದೆ.

ಪುಣೆಯವರು ತಟ್ಟನೆ ಕ್ಯಾಮೆರಾ ಆನ್ ಮಾಡಿದರು. 1953ರಲ್ಲಿ ಗಾಯಕ ಭೀಮಸೇನ ಜೋಶಿಯವರು ಗುರುವಿನ ಹೆಸರಲ್ಲಿ ಪುಣೆಯಲ್ಲಿ ಶುರು ಮಾಡಿದ ಸವಾಯಿ ಗಂಧರ್ವ ಸಂಗೀತ ಉತ್ಸವಕ್ಕೆ ಅವರು ಚಿಕ್ಕಂದಿನಿಂದ ಹೋಗುವವರು. ಆ ಗುರು ನಮ್ಮ ಧಾರವಾಡ ಜಿಲ್ಲೆಯ ಕುಂದಗೋಳದವರು, ಜೋಶಿಯವರೂ ಗದಗ ಕಡೆಯವರು ಅಂತ ಗೊತ್ತೇ ಇರಲಿಲ್ಲವಂತೆ. ಆವತ್ತು ಹತ್ತು ನಿಮಿಷದ ಮಾತು ಒಂದು ಗಂಟೆ ನಡೆಯಿತು. ಈಗ ಕೆಲಸದಲ್ಲಿ ಎಡವಿದರೆ ಮುಚ್ಚಿಡದೆ ಮೊದಲು ಅವರಿಗೇ ಫೋನ್ ಮಾಡುತ್ತೇನೆ.

ನಡುವೆ ಮೇಲಿನವರು ಇದನ್ನು ಸ್ಪರ್ಧೆ ಮಾಡಿ, ಪಾಯಿಂಟ್ ಕೊಟ್ಟು, ಹಾಜರಿ ಕಡ್ಡಾಯ ಮಾಡಿದರು. ಮೂರೇ ವಾರ, ಎಲ್ಲರೂ ಹಿಟ್ ಹಾಡು ಹಾಕಿ ಸುಮ್ಮನಾದರು. ಬೇಡ ಅಂತ ನಾವೇ ಕೇಳಿಕೊಂಡ ಮೇಲೆ ಬಿಟ್ಟರು. ಕಂಪನಿ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೇ: ಹತ್ತು ನಿಮಿಷ ಬಿಡಿ, ಲೆಕ್ಕ ಇಡಬೇಡಿ. ಇನ್ನು ಹೊರಗಿನವರಿಗೆ ಕನ್ನಡದ ಹಾಡು ಏನು ತಿಳಿಯುತ್ತೆ ಅಂತ ಹಿಂದೆ ಸರಿಯುವ ಗೆಳೆಯರೇ, ಹಾಕಿ. ಅರ್ಥ ಕೇಳುತ್ತಾರೆ, ಹೇಳಿ. ಬಿಹು ಹಾಡಿನ ಒಂದು ಪದವೂ ನನಗೆ ತಿಳಿದಿರಲಿಲ್ಲ, ಆದರೂ ಆ ವಾರವೆಲ್ಲ ಅದನ್ನೇ ಕೇಳಿದೆ.

ಡಿಸೆಂಬರಿನ ಉತ್ಸವಕ್ಕೆ ಬನ್ನಿ ಅಂತ ಪುಣೆಯವರು ಕರೆದಿದ್ದಾರೆ. ಅದಕ್ಕೂ ಮೊದಲು ನೀವು ಹುಬ್ಬಳ್ಳಿಗೆ ಬನ್ನಿ, ಕುಂದಗೋಳಕ್ಕೆ ರೈಲಿನಲ್ಲೇ ಹೋಗೋಣ ಅಂದಿದ್ದೇನೆ.

— ಓದುಗ, ಹುಬ್ಬಳ್ಳಿ