ಸಮುರಾಯ್ ಬಾವುಟದ ಇನ್ನರ್ಧ ಕಥೆನೂ ಬರೀರಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಲಿ ಜಪಾನಿನ ಹಳೇ ಕಾಲದ ಯೋಧರಾದ ಸಮುರಾಯ್‌ಗಳ ಯುದ್ಧದ ಬಾವುಟಗಳ ಬಗ್ಗೆ ಬಂದಿದ್ದ ಲೇಖನ ಓದಿದೆ. ಫೋಟೋಗಳು ಚೆನ್ನಾಗಿದ್ವು, ಆದ್ರೆ ಓದಿ ಮುಗಿಸಿದ್ಮೇಲೆ ತಲೇಲಿ ಉಳಿಯೋದು ಕತ್ತಿ, ರಕ್ತ, ಯಾರಿಗೂ ಜಗ್ಗದ ಗಂಡಸು ಇಷ್ಟೇ. ನಮ್ಮ ಹುಡುಗರು ವಾಟ್ಸಾಪ್ ಸ್ಟೇಟಸ್‌ಗೆ, ಜಿಮ್ ಗೋಡೆಗೆ ಹಾಕ್ಕೊಳೋದೂ ಇದನ್ನೇ, ಅದಕ್ಕೇ ಈ ಪತ್ರ.

ಆ ಬಾವುಟ ಮೊದಲು ಇದ್ದಿದ್ದು ಗುರುತಿಗೆ. 16ನೇ ಶತಮಾನದಲ್ಲಿ ಸಾವಿರಾರು ಜನ ಒಂದೇ ಬಯಲಲ್ಲಿ ಹೊಡೆದಾಡೋವಾಗ ನಮ್ಮೋರು ಯಾರು ಎದುರಾಳಿ ಯಾರು ಗೊತ್ತಾಗ್ಬೇಕಲ್ಲ, ಅದಕ್ಕೆ ಬೆನ್ನಿಗೆ ಸಾಶಿಮೊನೊ ಅನ್ನೋ ಬಾವುಟ ಸಿಕ್ಕಿಸ್ಕೊಂಡು ಹೋಗ್ತಿದ್ರು, ಯಾರು ಮುಂದೆ ನುಗ್ಗಿದ ಅನ್ನೋದು ಒಡೆಯನ ಕಣ್ಣಿಗೆ ಬೀಳ್ಲಿ ಅಂತಾನೂ ಹೌದು. ಅವುಗಳ ಮೇಲೆ ಏನಿತ್ತು ನೋಡಿ. ಆಮೇಲೆ ಇಡೀ ಜಪಾನ್ ಆಳಿದ ತೊಕುಗಾವಾ ಇಯೆಯಾಸು ಬಾವುಟದಲ್ಲಿ ಈ ಹೊಲಸು ಲೋಕ ಬಿಟ್ಟು ಬುದ್ಧನ ಶುದ್ಧ ಲೋಕ ಸೇರೋ ಹಂಬಲ. ಸನಾದಾ ಮನೆತನದ್ದು ಆರು ಕಾಸು, ಸತ್ತ ಮೇಲೆ ನದಿ ದಾಟೋಕೆ ಬೇಕಾದ ದುಡ್ಡು. ಉಎಸುಗಿ ಕೆನ್ಶಿನ್ ಅನ್ನೋ ಇನ್ನೊಬ್ಬ ಒಡೆಯ ಹಿಡಿದಿದ್ದು ಬಿಶಾಮೊನ್ ದೇವರ ಅಕ್ಷರ, ಆ ದೇವರು ಬೌದ್ಧಧರ್ಮದ ಜೊತೆ ಇಲ್ಲಿಂದ ಹೋದ ವೈಶ್ರವಣ, ಅಂದ್ರೆ ನಮ್ಮ ಕುಬೇರ.

ನನ್ನ ಮನಸ್ಸಲ್ಲಿ ಕೂತಿರೋದು ಮಾತ್ರ ತೊರಿಯಿ ಸುನೆಎಮೊನ್ ಅನ್ನೋ ಸೈನಿಕನ ಚಿತ್ರ ಇರೋ ಬಾವುಟ. 1575ರಲ್ಲಿ ತಕೆದಾ ಮನೆತನದ ಸೈನ್ಯ ಇಯೆಯಾಸು ಕಡೆಯವರ ನಾಗಶಿನೊ ಕೋಟೆಗೆ ಮುತ್ತಿಗೆ ಹಾಕಿತ್ತು, ಒಳಗೆ ಊಟಕ್ಕೂ ತತ್ವಾರ. ಕೋಟೆ ಒಳಗಿದ್ದ ಈತ ರಾತ್ರಿ ಹೊಳೆಗೆ ಇಳಿದು ತಪ್ಪಿಸ್ಕೊಂಡು ಇಯೆಯಾಸು ಇದ್ದ ಒಕಜಾಕಿವರೆಗೂ ಹೋಗಿ ಸಹಾಯ ಕೇಳಿ, ಸೈನ್ಯ ಬರತ್ತೆ ಅಂತ ಮಾತು ತಗೊಂಡು ವಾಪಸ್ ಬರೋವಾಗ ಸಿಕ್ಕಿಬಿದ್ದ. ಯಾರೂ ಬರಲ್ಲ ಅಂತ ಕೋಟೆ ಕಡೆ ಕೂಗಿ ಹೇಳು, ಜೀವ ಉಳಿಸ್ತೀವಿ ಅಂದ್ರು. ಅವನು ಬರ್ತಿದಾರೆ, ತಡ್ಕೊಳ್ಳಿ ಅಂತಲೇ ಕೂಗಿದ, ಕಂಬಕ್ಕೆ ಕಟ್ಟಿ ಕೊಂದ್ರು. ಅದನ್ನ ಕಂಡ ಒಚಿಯಾಯಿ ಅನ್ನೋ ಯೋಧ, ಕೊಂದ ಕಡೆಯವನೇ, ಅವನ ಚಿತ್ರನ ತನ್ನ ಬಾವುಟದ ಮೇಲೆ ಬರೆಸ್ಕೊಂಡ. ಕೆಂಪು ಮೈ, ಸೊಂಟಕ್ಕೆ ಬರೀ ಲಂಗೋಟಿ, ಕೈ ಚಾಚಿ ಕಟ್ಟಿದಾರೆ. ಅದು ಈಗ್ಲೂ ಟೋಕಿಯೋ ವಿಶ್ವವಿದ್ಯಾಲಯದ ಇತಿಹಾಸ ಸಂಸ್ಥೇಲಿದೆ. ಶತ್ರುವಿನ ನಿಯತ್ತನ್ನ ತನ್ನ ಬೆನ್ನ ಮೇಲೆ ಹೊತ್ಕೊಳೋಕೆ ಎಂಥಾ ಎದೆ ಬೇಕು ಹೇಳಿ, ಯೋಧ ಪರಂಪರೆ ಅಂದ್ರೆ ನನಗೆ ಇದು.

ಇದನ್ನ ಬಿಟ್ಟು ಬರೀ ಸಾಯೋ ಧೈರ್ಯನ ಹೊಗಳಿದ್ರೆ ಏನಾಗತ್ತೆ ಅಂತ ಜಪಾನೇ ಅನುಭವಿಸಿದೆ. 1876ರಲ್ಲಿ ಸಮುರಾಯ್‌ಗಳು ಕತ್ತಿ ಇಟ್ಕೊಂಡು ಓಡಾಡೋದನ್ನೇ ನಿಷೇಧ ಮಾಡಿದ ಸರ್ಕಾರ ಆಮೇಲೆ ಅದೇ ಸಮುರಾಯ್‌ಗಳ ಬುಶಿದೋ ಅನ್ನೋ ಯೋಧ ನೀತಿನ ಸೈನಿಕರ ತಲೆಗೆ ತುಂಬಿತು, 1944ರ ಕೊನೆಗೆ ಎಳೆ ಹುಡುಗರು ವಿಮಾನ ಸಮೇತ ಹಡಗಿಗೆ ಗುದ್ದಿ ಸಾಯೋವರೆಗೂ ಹೋಯ್ತು. ಇದು ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಹಾಗಂತ ಎಲ್ಲಾ ಮೂಟೆ ಕಟ್ಟಿಡಿ ಅಂತಲ್ಲ. ಫುಕುಶಿಮಾದ ಸೋಮಾ ನೊಮಾಓಯಿ ಹಬ್ಬ ನೋಡಿ, ನೂರಾರು ಸವಾರರು ಕವಚ ತೊಟ್ಟು ತಮ್ಮ ತಮ್ಮ ಮನೆತನದ ಬಾವುಟ ಬೆನ್ನಿಗೆ ಕಟ್ಕೊಂಡು ಬರ್ತಾರೆ. ಪಟಾಕಿ ಜೊತೆ ಆಕಾಶಕ್ಕೆ ಹಾರಿಸಿದ ದೇವರ ಬಾವುಟ ನಿಧಾನಕ್ಕೆ ಇಳೀತಾ ಇದ್ರೆ ಕೆಳಗೆ ಕುದುರೆಗಳ ನೂಕುನುಗ್ಗಲು, ಹಿಡಿದವನು ಗುಡ್ಡದ ಅಂಕುಡೊಂಕು ದಾರೀಲಿ ಮೇಲಕ್ಕೆ ಓಡಿಸ್ತಾನೆ. 2011ರಲ್ಲಿ ಸುನಾಮಿ, ಅಣುಸ್ಥಾವರದ ದುರಂತ ಎರಡೂ ಬಡಿದು ಎಷ್ಟೋ ಜನ ಊರೇ ಬಿಟ್ಟಿದ್ರು, ಆ ವರ್ಷಾನೂ ಚಿಕ್ಕದಾಗಿ ಮಾಡಿದ್ರೇ ಹೊರತು ಬಿಡ್ಲಿಲ್ಲ. ಬಿಸಿಲಿಗೆ ಕುದುರೆಗಳು ಸತ್ತಾಗ ಸಂಪ್ರದಾಯ ಅಂತ ಹಠ ಹಿಡೀದೆ 2024ರಿಂದ ಜುಲೈ ಹಬ್ಬನ ಮೇ ತಿಂಗಳಿಗೆ ತಂದ್ರು. ಪ್ರಾಣಿ ಜೀವಕ್ಕೆ ಬೆಲೆ ಕೊಟ್ಟ ಆ ತೀರ್ಮಾನ ನನಗೆ ತುಂಬಾ ದೊಡ್ಡದು ಅನ್ಸತ್ತೆ.

ಮುಂದಿನ ಮೇ ಕೊನೇಲಿ ಆ ಹಬ್ಬ ಬಂದಾಗ ದಯವಿಟ್ಟು ಅದಕ್ಕೊಂದು ಪುಟ ಕೊಡಿ, ಸುನೆಎಮೊನ್ ಬಾವುಟದ ಫೋಟೋ ಸಿಕ್ರೆ ಅದನ್ನೂ ಹಾಕಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ, ಮೈಸೂರು